ಲಿಸ್ಬನ್ನಿನ ಇಳಿಜಾರು

ಲಿಸ್ಬನ್‌ಗೆ ಹೋದರೆ ನೋಡಲೇಬೇಕಾದದ್ದು ಏನು ಎಂದು ಯಾರಾದರೂ ಕೇಳಿದರೆ, ಅಲ್ಲಿಯ ಟ್ರಾಮುಗಳಲ್ಲಿ ಓಡಾಡುವ ಮುದುಕಿಯರನ್ನು ಎಂದು ನಾನು ಹೇಳುತ್ತೇನೆ. ಕೇಳಿದವರು ನಗುತ್ತಾರೆ. ಗುಡ್ಡದ ಮೇಲಿನ ಕೋಟೆ, ನದಿ ದಂಡೆಯ ಗೋಪುರ, ನೀಲಿ ಹಂಚಿನ ಗೋಡೆಗಳು, ಇವನ್ನೆಲ್ಲ ಬಿಟ್ಟು ಮುದುಕಿಯರೇ? ಏನು ಮಾಡಲಿ, ಕೋಟೆಯನ್ನು ನಾವು ದೂರದಿಂದಷ್ಟೇ ನೋಡಿದೆವು. ಮುದುಕಿಯರನ್ನು ಹತ್ತಿರದಿಂದ ನೋಡಿದೆವು.

ನನ್ನ ಗಂಡ ಶ್ರೀಕಾಂತ ಮತ್ತು ನಾನು ಅಲ್ಲಿಗೆ ಹೋಗಿದ್ದು ೨೦೧೭ರ ಸೆಪ್ಟೆಂಬರಿನಲ್ಲಿ. ಹೋಗುವ ಮುಂಚೆ ನಮ್ಮ ಮನೆಯಲ್ಲಿ ನಡೆದ ವಾದವನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನ್ಯೂಕ್ಯಾಸಲ್, ಹೊರಡುವ ಮುಂಚೆ

ಅಮೆರಿಕದ ಸಿಯಾಟಲ್ ಸೀಮೆಯಲ್ಲಿ ಸಮತಟ್ಟಾದ ಜಾಗ ಹುಡುಕಬೇಕು. ನಮ್ಮ ನ್ಯೂಕ್ಯಾಸಲ್ಲಂತೂ ಗುಡ್ಡದ ಮೈಗೆ ಅಂಟಿಕೊಂಡ ಊರು. ಮನೆಯ ಗೇಟಿನಿಂದ ಅಂಚೆ ಡಬ್ಬಿಯವರೆಗೂ ಇಳಿಜಾರೇ. ಇವರಿಗೆ ಅದೇ ಇಷ್ಟವಾಗಿತ್ತು. ವಾರವಿಡೀ ರೆಂಟನ್ನಿನ ವಿಮಾನ ಕಾರ್ಖಾನೆಯಲ್ಲಿ ದುಡಿದು, ಭಾನುವಾರ ಬೆಳಿಗ್ಗೆ ಬೂಟು ಕಟ್ಟಿಕೊಂಡು ಮನೆ ಹಿಂದಿನ ಬೆಟ್ಟಕ್ಕೆ ಹೊರಟರೆ ಮಧ್ಯಾಹ್ನ ಕೆಸರು ಮೆತ್ತಿಕೊಂಡು ಬರುತ್ತಿದ್ದರು. ಧಾರವಾಡದ ಮಂದಿಗೆ ಮಳೆ ಹೊಸದಲ್ಲ, ಕೆಸರೂ ಹೊಸದಲ್ಲ ಎನ್ನುತ್ತಿದ್ದರು.

ಐವತ್ತೆರಡನೆಯ ವಯಸ್ಸಿಗೆ ಇವರಿಗೆ ಸ್ಟ್ರೋಕ್ ಆಯಿತು. ಮಾತು ಬೇಗ ಮರಳಿತು, ಕೈ ಅರ್ಧ ಮರಳಿತು, ಎಡಗಾಲು ಮಾತ್ರ ಹಟ ಹಿಡಿಯಿತು. ನಡೆಯಬಲ್ಲರು, ಆದರೆ ಕಾಲು ಎಳೆಯುತ್ತದೆ. ಕೆಲಸ ಮನೆಯಿಂದಲೇ ನಡೆಯುತ್ತಿತ್ತು. ಕೋಲನ್ನು ಮನೆಯೊಳಗೆ ಹಿಡಿಯುತ್ತಿದ್ದರು, ಬೀದಿಯಲ್ಲಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಬೀದಿಗೆ ಹೋಗುವುದೇ ನಿಂತಿತು. ಕೆಲಸದ ಮೇಜನ್ನು ಬೆಟ್ಟಕ್ಕೆ ಬೆನ್ನು ಬರುವ ಹಾಗೆ ತಿರುಗಿಸಿಕೊಂಡರು. ಧಾರವಾಡಕ್ಕೆ ಹೋಗಿ ಬರೋಣವೆಂದರೆ, "ಬ್ಯಾಡ. ಅಯ್ಯೋ ಪಾಪ ಅಂತ ಮನಿ ತುಂಬ ಮಂದಿ ಬರ್ತಾರ" ಎಂದು ಬಾಯಿ ಮುಚ್ಚಿಸಿದರು.

ಒಮ್ಮೆ ಸಿಯಾಟಲ್ ಪೇಟೆಯಲ್ಲಿ ಡಾಕ್ಟರನ್ನು ಕಂಡು ಬರುವಾಗ ಒಂದು ಏರು ಬೀದಿಯ ನಡುವೆ ಇವರಿಗೆ ಮುಂದಕ್ಕೂ ಹೋಗಲಾಗಲಿಲ್ಲ, ಹಿಂದಕ್ಕೂ ಬರಲಾಗಲಿಲ್ಲ. ಪಾರ್ಕಿಂಗ್ ಮೀಟರಿನ ಕಂಬ ಹಿಡಿದು ನಿಂತರು. ಹೋಗಿ ಬರುವವರು ಒಬ್ಬೊಬ್ಬರಾಗಿ ನಿಂತು, ಆರಾಮಿದ್ದೀರಾ ಎಂದು ಕೇಳಿದರು. ಎಲ್ಲರಿಗೂ ಇವರದು ಒಂದೇ ಉತ್ತರ, "ಫೈನ್." ಅಲ್ಲಿಯವರು ಸಭ್ಯರು. ಫೈನ್ ಅಂದಮೇಲೆ ಮುಂದೆ ಹೋಗುತ್ತಾರೆ. ನಾನು ಕಾರು ತರುವವರೆಗೂ ಇವರು ಆ ಕಂಬವನ್ನು ಬಿಡಲಿಲ್ಲ.

ಲಿಸ್ಬನ್ ಟಿಕೆಟ್ ಸ್ಟ್ರೋಕಿಗೂ ಹಿಂದಿನದು. ನಮ್ಮ ಮದುವೆಯ ಬೆಳ್ಳಿ ಹಬ್ಬಕ್ಕೆಂದು ಇವರೇ ತೆಗೆಸಿದ್ದು. ಸಿಯಾಟಲ್ಲಿನ ಹಾಗೆ ಅದೂ ಏಳು ಗುಡ್ಡದ ಊರು, ಅದಕ್ಕೂ ನೀರಿನ ದಂಡೆ, ಹಡಗು, ಭೂಕಂಪದ ಹೆದರಿಕೆ ಎಲ್ಲ ಇದೆ, ಅಕ್ಕ ತಂಗಿಯ ಹಾಗಿವೆ ನೋಡೋಣ ಎಂದು ಆಗ ಉತ್ಸಾಹದಿಂದ ಹೇಳಿದ್ದರು. ಆಸ್ಪತ್ರೆಯ ದಿನಗಳಲ್ಲಿ ಅದನ್ನು ಮುಂದೂಡಿದ್ದೆವು. ಈಗ ಉಪಯೋಗಿಸಬೇಕು, ಇಲ್ಲವೇ ಬಿಡಬೇಕು.

"ಏಳು ಗುಡ್ಡದ ಊರಿಗೆ ಕುಂಟನ್ನ ಕರ್ಕೊಂಡು ಹೊಂಟಾಳ ಅಂತಾರ ಮಂದಿ ನಿನಗ" ಎಂದರು ಇವರು.

"ಅಲ್ಲಿ ನಮ್ಮನ್ನ ಯಾರು ಬಲ್ಲರ್ರಿ? ಅನ್ನಾವ್ರು ಅವರ ಭಾಷಾದಾಗ ಅಂತಾರ. ನಮಗ ತಿಳಿಯಂಗಿಲ್ಲ" ಎಂದೆ.

ಮಗಳು ಮೇಘನಾ ಕಾಲೇಜಿನಿಂದ ಫೋನಿನಲ್ಲಿ, "ಅಪ್ಪಾ, ಜಸ್ಟ್ ಗೋ. ಪ್ಲೀಸ್" ಎಂದಳು. ಪಕ್ಕದ ಮನೆಯ ಲವೀನಾ ಮಂಗಳೂರಿನವರು. ಅವರು ಮೀನಿನ ಸಾರು ಕಲಕುತ್ತಲೇ, "ಹೋಗಿ ಬನ್ನಿ ಮಾರಾಯ್ರೆ. ನಮ್ಮ ಕೊಂಕಣಿಯಲ್ಲಿ ಕಿಟಕಿಗೆ ಜನೆಲ್ ಅಂತೇವೆ, ಕುರ್ಚಿಗೆ ಕದೆಲ್ ಅಂತೇವೆ. ಎಲ್ಲ ಆ ಪೋರ್ಚುಗೀಸರದ್ದೇ ಮಾತು. ನಿಮಗೆ ಅದು ಪರದೇಶ ಅಂತ ಅನ್ನಿಸುವುದೇ ಇಲ್ಲ ನೋಡಿ" ಎಂದರು.

ಇವರು ಒಪ್ಪಿದರು ಎನ್ನಲಾರೆ. ಬೇಡ ಎನ್ನುವುದನ್ನು ನಿಲ್ಲಿಸಿದರು. ಅಷ್ಟರಲ್ಲೇ ನಾನು ಪೆಟ್ಟಿಗೆ ಕಟ್ಟಿಬಿಟ್ಟೆ.

ತಗ್ಗಿನ ಪೇಟೆ

ನಾವು ಇಳಿದುಕೊಂಡದ್ದು ಅಲ್ಫಾಮಾ ಎಂಬ ಹಳೆಯ ಕೇರಿಯ ಬುಡದಲ್ಲಿ, ಮೊದಲ ಮಹಡಿಯ ಒಂದು ಕೋಣೆಯಲ್ಲಿ. ಕಿಟಕಿ ತೆರೆದರೆ ಕೆಳಗೆ ಮೆಟ್ಟಿಲುಗಳ ಒಂದು ಓಣಿ. ಎದುರು ಮನೆಯವರ ಒಣಹಾಕಿದ ಬಟ್ಟೆ ಕೈಗೆ ಸಿಗುವಷ್ಟು ಹತ್ತಿರ. ಬೀಗದ ಕೈ ಕೊಡುತ್ತ ಮನೆಯೊಡತಿ "ಶಾವ್" ಎಂದಳು. ಬರೆದು ತೋರಿಸಿದಾಗ ತಿಳಿಯಿತು, ಅದು ನಮ್ಮ ಚಾವಿಯೇ. ಸ್ನಾನದ ಮನೆಯಲ್ಲಿ "ಸಬಾವ್" ಎಂದು ತೋರಿಸಿದ್ದು ನಮ್ಮ ಧಾರವಾಡದ ಸಾಬಾಣ, ಸೋಪು. ಇವರು ಆ ದಿನ ಮೊದಲ ಸಲ ತುಟಿ ಅಲುಗಿಸಿ, "ನಮ್ಮಜ್ಜಿ ಪೋರ್ಚುಗೀಸ್ ಮಾತಾಡ್ತಿದ್ದಳು, ನಮಗ ಗೊತ್ತಾಗಿದ್ದಿಲ್ಲ" ಎಂದರು.

ಊರಿನಲ್ಲಿ ಸಮತಟ್ಟಾದ ಜಾಗವೆಂದರೆ ನದಿಗೆ ಹತ್ತಿರದ ಬೈಶಾ ಪೇಟೆ. ಹೆಸರಿಗೇ ತಗ್ಗು ಎಂದು ಅರ್ಥವಂತೆ. ಮೊದಲ ದಿನ ಅಲ್ಲಿಯೇ ಅಡ್ಡಾಡಿದರೆ ಸಾಕು ಎಂದುಕೊಂಡು ಹೋದೆವು. ಏರಿನ ಬಗ್ಗೆ ಯೋಚಿಸಿದ್ದ ನಾನು ನೆಲದ ಬಗ್ಗೆ ಯೋಚಿಸಿರಲಿಲ್ಲ. ಲಿಸ್ಬನ್ನಿನ ಕಾಲುದಾರಿಗಳಿಗೆಲ್ಲ ಬೆಂಕಿಪೊಟ್ಟಣದ ಗಾತ್ರದ ಬಿಳಿ ಕಲ್ಲು, ಕರಿ ಕಲ್ಲು. ಅವುಗಳಲ್ಲೇ ಅಲೆ, ಹೂವು, ಹಡಗುಗಳ ರಂಗೋಲಿ. ನೂರಾರು ವರ್ಷ ಜನ ತುಳಿದು ತುಳಿದು ಅವು ಸವೆದು ಕನ್ನಡಿಯಾಗಿವೆ. ಬೆಳಿಗ್ಗೆ ಅಂಗಡಿಯವರು ನೀರು ಚೆಲ್ಲಿ ತೊಳೆದಿದ್ದರು. ಒಂದು ಕಾಫಿ ಅಂಗಡಿಯ ಎದುರಿಗೆ ಇವರ ಎಡಗಾಲು ಜಾರಿತು. ನಾನು ಹಿಡಿಯುವ ಮೊದಲೇ ಇವರು ನೆಲದ ಮೇಲಿದ್ದರು.

ಇವರು ಕಣ್ಣುಮುಚ್ಚಿಕೊಂಡಿದ್ದರು. ನೋವಿಗಲ್ಲ, ನಾಚಿಕೆಗೆ. "ಫೈನ್, ಫೈನ್" ಎನ್ನುತ್ತಲೇ ಇದ್ದರು. ಆದರೆ ಅಲ್ಲಿ ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆರಾಮಿದ್ದೀರಾ ಎಂದು ಯಾರೂ ಕೇಳಲೂ ಇಲ್ಲ. ಒಬ್ಬ ದಪ್ಪ ಗಂಡಸು ಹಿಂದಿನಿಂದ ಬಂದು ಕಂಕುಳಲ್ಲಿ ಕೈಹಾಕಿ ಎತ್ತಿದ. ಕಾಫಿ ಅಂಗಡಿಯ ಹೆಂಗಸು ಕುರ್ಚಿ ತಂದು ಬೀದಿಯ ನಡುವೆಯೇ ಇಟ್ಟಳು. ಇನ್ನೊಬ್ಬರು ಇವರ ಬೂಟು ಎತ್ತಿ ಅದರ ತಳವನ್ನು ಎಲ್ಲರಿಗೂ ತೋರಿಸಿ, ಇಂಥದ್ದನ್ನು ಹಾಕಿಕೊಂಡು ಈ ಊರಿಗೆ ಬರುತ್ತಾರೆಯೇ ಎನ್ನುವ ಹಾಗೆ ಏನೋ ಬೈದರು. ಸುತ್ತ ನಿಂತವರು ಹೌದು ಹೌದು ಎಂದು ತಲೆಯಾಡಿಸಿದರು. ಬೈಗುಳವೆಲ್ಲ ಬೂಟಿಗೆ ಮತ್ತು ಕಲ್ಲಿಗೆ. ಕಾಲಿನ ಮಾತನ್ನು ಯಾರೂ ಎತ್ತಲಿಲ್ಲ.

ಕೋಣೆಗೆ ಮರಳಿದ ಮೇಲೆ ಇವರು ಗೋಡೆಯ ಕಡೆ ತಿರುಗಿ ಮಲಗಿದರು. "ಸುಧಾ, ನಾ ಇನ್ನ ಎಲ್ಲೂ ಬರಂಗಿಲ್ಲ. ನೀ ನೋಡ್ಕೊಂಡು ಬಾ. ನಾ ಇಲ್ಲೇ ಓದ್ಕೋತ ಇರ್ತೀನಿ."

ನಾನು ಎದ್ದೆ. ಕಿಟಕಿಯ ಬಳಿ ಕುಳಿತು ಎದುರು ಮನೆಯ ಬಟ್ಟೆಗಳನ್ನು ನೋಡುತ್ತಾ, ಇಷ್ಟು ದೂರ ಎಳೆದುಕೊಂಡು ಬಂದು ಬೀಳಿಸಿದೆನಲ್ಲ ಎಂದು ಅತ್ತೆ. ಇವರಿಗೆ ಕೇಳಿಸದ ಹಾಗೆ ಅತ್ತೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಕಡೆಯಿಂದ ಮಾತು ಬಂತು, "ನಾಳೆ ಆ ಟ್ರಾಮ್ ಹತ್ತೋಣು. ಕುಂತು ನೋಡೂದಕ್ಕ ಏನಾಗತೈತಿ."

ಇಪ್ಪತ್ತೆಂಟನೆಯ ನಂಬರಿನ ಟ್ರಾಮು

ಇಪ್ಪತ್ತೆಂಟನೆಯ ನಂಬರಿನ ಹಳದಿ ಟ್ರಾಮು ಲಿಸ್ಬನ್ನಿನ ಗುಡ್ಡಗಳನ್ನೆಲ್ಲ ಹತ್ತಿ ಇಳಿಯುತ್ತದೆ. ಮರದ ಕಿಟಕಿ, ಮರದ ಬೆಂಚು, ಹಿತ್ತಾಳೆಯ ಹಿಡಿಕೆ. ತಿರುವಿನಲ್ಲಿ ಗೋಡೆಗಳು ಎಷ್ಟು ಹತ್ತಿರ ಬರುತ್ತವೆಂದರೆ ಕೈ ಹೊರಗೆ ಚಾಚಿದರೆ ಯಾರದೋ ಮನೆಯ ಕದ ತಟ್ಟಬಹುದು. ಪ್ರವಾಸಿಗರೆಲ್ಲ ಅದರಲ್ಲೇ ಹತ್ತುವುದರಿಂದ ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೆಂಚುಗಳ ಮೇಲೆ ಕ್ಯಾಮೆರಾ ಹಿಡಿದ ಹುಡುಗರು. ಇವರು ಹಿಡಿಕೆಗೆ ಜೋತು ಬಿದ್ದು, ತುಟಿ ಕಚ್ಚಿ ನಿಂತಿದ್ದರು. ಟ್ರಾಮು ಒಂದು ಏರಿಗೆ ಕಿರ್ರೆಂದು ತಿರುಗಿದಾಗ ಇಡೀ ಮೈ ವಾಲಿತು.

ಪಕ್ಕದಲ್ಲಿ ಕರಿ ಸ್ವೆಟರಿನ ಒಬ್ಬ ಮುದುಕಿ. ಎತ್ತರ ನನ್ನ ಭುಜದಷ್ಟು, ಕೈಯಲ್ಲಿ ಕೋಸು ಇಣುಕುವ ಸಂತೆ ಚೀಲ, ಇನ್ನೊಂದು ಕೈಯಲ್ಲಿ ಛತ್ರಿ. ಆಕೆ ಇವರ ಕಾಲು ನೋಡಿದಳು, ಮುಖ ನೋಡಿದಳು. ಆಮೇಲೆ ಬೆಂಚಿನ ಮೇಲಿದ್ದ ಹುಡುಗನ ಮೊಣಕಾಲಿಗೆ ಛತ್ರಿಯ ತುದಿಯಿಂದ ತಿವಿದಳು. ಅವನು ಬೆಚ್ಚಿ ಎದ್ದು ನಿಂತ. ಮುದುಕಿ ಇವರಿಗೆ ಬೆಂಚು ತೋರಿಸಿದಳು.

"ನೋ, ನೋ. ಐ ಆಮ್ ಫೈನ್" ಎಂದರು ಇವರು.

ಮುದುಕಿ ಶುರು ಮಾಡಿದಳು ನೋಡಿ! ಅಷ್ಟು ಸಣ್ಣ ಮೈಯೊಳಗೆ ಅಂಥ ಗಂಟಲು ಎಲ್ಲಿತ್ತೋ. ಬೆಂಚಿನತ್ತ ಒಂದು ಬೆರಳು, ಇವರತ್ತ ಒಂದು ಬೆರಳು, ಚೀಲದತ್ತ ಒಂದು ಬೆರಳು. ಹಿಂದೆ ಕುಳಿತಿದ್ದ ಇನ್ನಿಬ್ಬರು ಮುದುಕಿಯರು ದನಿಗೂಡಿಸಿದರು. ಟ್ರಾಮಿನ ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡುತ್ತ ತನ್ನದೊಂದು ಮಾತು ಸೇರಿಸಿದ.

"ಆ ಮುದುಕಿ ಏನಂತಾಳ?" ಎಂದು ಇವರು ನನ್ನನ್ನು ಕೇಳಿದರು, ನನಗೆ ತಿಳಿದವರ ಹಾಗೆ.

"ಕುಂದ್ರು ಅಂತಾಳ್ರಿ. ಇದಕ್ಕ ಭಾಷಾ ಯಾಕ ಬೇಕು?"

ಬಾಗಿಲ ಬಳಿ ನಿಂತಿದ್ದ ಒಬ್ಬ ಯುವತಿ ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು: "ನೀವು ಬಿದ್ದರೆ ಆಕೆಯ ಮೇಲೆ ಬೀಳುತ್ತೀರಂತೆ. ಚೀಲದಲ್ಲಿ ಮೊಟ್ಟೆ ಇವೆಯಂತೆ."

ಇವರು ಆಕೆಯ ಚೀಲ ನೋಡಿದರು. ಆಮೇಲೆ ನಕ್ಕರು. ಹೊಟ್ಟೆಯಿಂದ ಬಂದ ನಗು. ನಾನು ಆ ನಗು ಕೇಳಿ ಒಂದು ವರ್ಷದ ಮೇಲಾಗಿತ್ತು. ನಗುತ್ತಲೇ ಕುಳಿತರು, ಕೈಚಾಚಿ ಮುದುಕಿಯ ಚೀಲವನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಆಕೆ ಅದು ಸಹಜವೆನ್ನುವ ಹಾಗೆ ಕೊಟ್ಟಳು.

ಸಿಯಾಟಲ್ಲಿನ ಬಸ್ಸಿನಲ್ಲಿ ಹೀಗೆ ಯಾರೂ ಯಾರನ್ನೂ ಬೈಯುವುದಿಲ್ಲ. ನಮ್ಮ ಧಾರವಾಡದ ಬಸ್ಸಿನಲ್ಲಿ ಬೈಯುತ್ತಾರೆ, ಆದರೆ ಜೊತೆಗೆ "ಪಾಪ, ಏನಾಗೈತಿ, ಯಾವ ದವಾಖಾನಿ" ಎಂದು ಇಡೀ ಕಥೆ ಕೇಳುತ್ತಾರೆ. ಈ ಊರಿನವರು ಎರಡೂ ಅಲ್ಲ. ಇವರ ಕಾಲು ಅವರಿಗೆ ಮಳೆಯ ಹಾಗೆ, ಇಳಿಜಾರಿನ ಹಾಗೆ, ಇದ್ದದ್ದು ಇದೆ, ಅದಕ್ಕೆ ತಕ್ಕಂತೆ ಕುಳಿತುಕೋ ಎನ್ನುವ ರೀತಿ.

ಗ್ರಾಸಾದಿಂದ ಇಳಿದದ್ದು

ಗ್ರಾಸಾ ಎಂಬ ಗುಡ್ಡದ ಹತ್ತಿರ ಟ್ರಾಮು ನಿಂತೇಬಿಟ್ಟಿತು. ಯಾರೋ ಹಳಿಯ ಅಂಚಿನಲ್ಲಿ ಕಾರು ನಿಲ್ಲಿಸಿ ಹೋಗಿದ್ದರು. ಡ್ರೈವರ್ ಗಂಟೆ ಬಾರಿಸಿದ. ಆಮೇಲೆ ಇಳಿದು ಹೋಗಿ ರೊಟ್ಟಿ ಅಂಗಡಿ, ಮಾಂಸದಂಗಡಿ, ಕ್ಷೌರದಂಗಡಿಯಲ್ಲಿ ಕಾರಿನ ಒಡೆಯನನ್ನು ವಿಚಾರಿಸಿದ. ಪ್ರಯಾಣಿಕರೆಲ್ಲ ಇಳಿದು ಕಾರಿನ ಸುತ್ತ ನಿಂತು ಸಲಹೆ ಕೊಡತೊಡಗಿದರು. ಮೊಟ್ಟೆಯ ಮುದುಕಿ ಚೀಲ ತೆಗೆದುಕೊಂಡು, ಇವರ ಕೆನ್ನೆಗೆ ಎರಡು ಸಲ ಮೆಲ್ಲಗೆ ತಟ್ಟಿ, ಒಂದು ಓಣಿಯೊಳಗೆ ಹೊರಟುಹೋದಳು.

ಹತ್ತಿರದಲ್ಲೇ ಪೈನ್ ಮರಗಳ ಕೆಳಗೆ ಒಂದು ಕಟ್ಟೆ, ಊರನ್ನು ನೋಡಲೆಂದೇ ಕಟ್ಟಿದ್ದು. ಅಲ್ಲಿ ಒಂದು ಸಣ್ಣ ಕಾಫಿ ಗೂಡು. ಕುಳಿತೆವು. ಕೆಳಗೆ ಕೆಂಪು ಹೆಂಚಿನ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ಕುಳಿತ ಹಾಗೆ, ಆಚೆಯ ಗುಡ್ಡದಲ್ಲಿ ಕೋಟೆ, ಅದರಾಚೆ ತೇಜೊ ನದಿ, ನದಿಗೆ ಕೆಂಪು ತೂಗುಸೇತುವೆ. ಇವರು ತುಂಬ ಹೊತ್ತು ನೋಡಿದರು. ಬೆಟ್ಟಕ್ಕೆ ಬೆನ್ನು ಮಾಡಿ ಕೂರುತ್ತಿದ್ದ ಮನುಷ್ಯ ಕುರ್ಚಿಯನ್ನು ತಾವೇ ಎಳೆದು ಅಂಚಿಗೆ ಹಾಕಿಕೊಂಡರು.

ಆದರೆ ಇಳಿಯುವುದು ಹೇಗೆ? ಟ್ರಾಮಿಲ್ಲ, ಅದರ ಹಿಂದೆ ಸಾಲುಗಟ್ಟಿದ ವಾಹನಗಳಲ್ಲಿ ಟ್ಯಾಕ್ಸಿಯೂ ಬರುವಂತಿಲ್ಲ. ನಾವಿಬ್ಬರೂ ಸಣ್ಣ ದನಿಯಲ್ಲಿ ಅದನ್ನೇ ಮಾತಾಡುತ್ತಿದ್ದಾಗ ಪಕ್ಕದ ಮೇಜಿನವರು ತಿರುಗಿದರು. ಎಪ್ಪತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕುರ್ಚಿಗೆ ಒರಗಿಸಿದ ಕೋಲು. ನಿಧಾನದ ಇಂಗ್ಲಿಷಿನಲ್ಲಿ, ನೀವು ಆಡುತ್ತಿರುವುದು ಯಾವ ಭಾಷೆ ಎಂದು ಕೇಳಿದರು. ಹೇಳಿದೆವು. ಅವರು ತಮ್ಮ ಹೆಸರು ಅನ್ಸೆಲ್ಮೊ, ಹಲ್ಲಿನ ಡಾಕ್ಟರಾಗಿದ್ದೆ, ಈಗ ಬಿಟ್ಟಿದ್ದೇನೆ ಎಂದರು. ಆಮೇಲೆ ಇವರನ್ನು ನೋಡಿ ನೇರವಾಗಿ ಕೇಳಿದರು, "ಯಾವ ಕಾಲು?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಇವರು ಕೂಡ ನೇರವಾಗಿಯೇ ಹೇಳಿದರು, "ಎಡಗಾಲು. ಸ್ಟ್ರೋಕ್."

"ನನ್ನದು ಬಲಗಾಲು. ಅದೇ ಕಾಯಿಲೆ. ಒಳ್ಳೆಯದಾಯಿತು, ನಾನು ತಂಗಿಯ ಮನೆಗೆ ಊಟಕ್ಕೆ ಇಳಿಯಬೇಕು. ಒಬ್ಬನೇ ಇಳಿಯುವುದು ಕಷ್ಟ. ಜೊತೆಗೆ ಬನ್ನಿ."

ಇವರು ಕೆಳಗೆ ಬಾಗಿದ ಮೆಟ್ಟಿಲು ದಾರಿಯನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ. ಎದ್ದರು.

ಅನ್ಸೆಲ್ಮೊ ತಮ್ಮ ಎಡತೋಳನ್ನು ಇವರ ಬಲತೋಳಿನೊಳಗೆ ಹಾಕಿದರು. ಗಟ್ಟಿ ಕಾಲುಗಳು ಒಳಗೆ, ಸೋತ ಕಾಲುಗಳು ಹೊರಗೆ. ಡಾಕ್ಟರ ಹೊರಗಡೆಗೆ ಕೋಲು, ಇವರ ಹೊರಗಡೆಗೆ ಗೋಡೆಯ ಕಂಬಿ. ಹೀಗೆ ಇಬ್ಬರೂ ಇಳಿಯತೊಡಗಿದರು. ಅವರಿಬ್ಬರ ಬ್ಯಾಗು ಹೊತ್ತು ಹಿಂದೆ ನಾನು. ಏರುವುದಕ್ಕಿಂತ ಇಳಿಯುವುದು ಹೆದರಿಕೆಯದು ಎಂದು ಅಲ್ಲಿ ಕಂಡೆ. ಇವರ ಕುತ್ತಿಗೆಯ ನರ ಬಿಗಿದುಕೊಂಡಿತ್ತು. ಒಂದು ಮೆಟ್ಟಿಲಿನಲ್ಲಿ ಇವರು ತಡವರಿಸಿದಾಗ ಡಾಕ್ಟರು ನಿಂತರು. ಮುಂದಿನ ಸಲ ಡಾಕ್ಟರು ತಡವರಿಸಿದಾಗ ಇವರು ತೋಳು ಬಿಗಿಹಿಡಿದು ನಿಲ್ಲಿಸಿದರು. ಎರಡನೆಯದನ್ನು ನೋಡಿದ ಮೇಲೆ ನನ್ನ ಹೆದರಿಕೆ ಅರ್ಧ ಹೋಯಿತು.

ಅರ್ಧ ದಾರಿಯಲ್ಲಿ ಒಂದು ತರಕಾರಿ ಅಂಗಡಿ. ಅಂಗಡಿಯಾಕೆ ಡಾಕ್ಟರನ್ನು ಕಂಡವಳೇ ಒಳಗಿನಿಂದ ಒಂದು ಕುರ್ಚಿ ತಂದಳು. ದಿನವೂ ಡಾಕ್ಟರಿಗೆ ಹಾಕುವುದಂತೆ. ಇವರನ್ನು ನೋಡಿ ಮತ್ತೊಂದು ತಂದಳು. ನನಗೊಂದು ಹಣ್ಣಿನ ಪೆಟ್ಟಿಗೆ ಬೋರಲು ಹಾಕಿದಳು. ಏನಾದರೂ ಕೊಳ್ಳುತ್ತೇವೆಯೇ ಎಂದು ಕೇಳಲಿಲ್ಲ. ಆ ಊರಿನಲ್ಲಿ ದಣಿದವರು ಎಲ್ಲೆಂದರಲ್ಲಿ ಕುಳಿತುಕೊಳ್ಳಬಹುದು. ಹೊಸ್ತಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ. ಯಾರೂ ಅದನ್ನು ಅವಮಾನ ಎಂದುಕೊಂಡಂತೆ ಕಾಣಲಿಲ್ಲ.

ಅಲ್ಲಿ ಕುಳಿತು ಅನ್ಸೆಲ್ಮೊ ತಮ್ಮ ಮೊದಲ ವರ್ಷದ ಮಾತು ಹೇಳಿದರು. ಬಲಗೈ ನಡುಗಿ ಕೆಲಸ ನಿಂತಿತು. ಮೂರನೆಯ ಮಹಡಿಯ ಮನೆಯಿಂದ ಇಳಿಯುವುದನ್ನೇ ಬಿಟ್ಟರು. ಒಂದು ದಿನ ಕೆಳಮನೆಯ ಹೆಂಗಸು ಊದಿದ ದವಡೆ ಹಿಡಿದುಕೊಂಡು ಬಂದಳು. ನನ್ನಿಂದಾಗದು ಎಂದರೆ, ಕೀಳುವುದು ಬೇಡ, ಬರೀ ನೋಡಿ ಎಂದು ಬಾಯಿ ತೆರೆದು ನಿಂತಳಂತೆ. ನೋಡಿದರು. ಬೇರೆ ಡಾಕ್ಟರ ಹತ್ತಿರ ಹೋಗಲೇಬೇಕು ಎಂದರು. ಆಕೆಗೆ ಹಲ್ಲಿನ ಡಾಕ್ಟರೆಂದರೆ ಭಯ, ಒಬ್ಬಳೇ ಹೋಗೆನೆಂದಳು. "ಅವಳ ಕೈ ಹಿಡಿದುಕೊಂಡು ಇಳಿದೆ. ಯಾರು ಯಾರನ್ನು ಹಿಡಿದುಕೊಂಡಿದ್ದರೋ ಗೊತ್ತಿಲ್ಲ" ಎಂದು ನಕ್ಕರು.

ಇವರೂ ನಕ್ಕರು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು, "ನನಗೆ ನನ್ನ ಕಾಲು ಎಳೆಯುವ ಸದ್ದು ಕೇಳಿಸುತ್ತದೆ. ದಿನವಿಡೀ ಅದೊಂದೇ ಕೇಳಿಸುತ್ತದೆ. ಎದುರಿಗಿದ್ದವರಿಗೂ ನನ್ನ ಮಾತು ಕೇಳದೆ ಅದೇ ಕೇಳುತ್ತಿರಬೇಕು ಅನ್ನಿಸುತ್ತದೆ."

ನಾನು ಪೆಟ್ಟಿಗೆಯ ಮೇಲಿಂದ ಇವರತ್ತ ತಿರುಗಿದೆ. ಮನೆಯಲ್ಲಿ ಎಷ್ಟು ಸಲ ಕೇಳಿದ್ದೆನೋ, ಈ ಮಾತು ಬಂದಿರಲಿಲ್ಲ. ಪರದೇಶದ ತರಕಾರಿ ಅಂಗಡಿಯ ಮುಂದೆ, ಆಗತಾನೇ ಪರಿಚಯವಾದವರ ಹತ್ತಿರ ಬಂತು.

ಅನ್ಸೆಲ್ಮೊ ಸಮಾಧಾನ ಹೇಳಲಿಲ್ಲ. "ಹೌದು, ಕೇಳಿಸುತ್ತದೆ" ಎಂದರು. "ನನ್ನ ಕೋಲಿನ ಸದ್ದು ಕೇಳಿ ನನ್ನ ತಂಗಿ ಸಾರು ಬಿಸಿಗಿಡುತ್ತಾಳೆ. ಏಳಿ, ಈಗ ಇಟ್ಟಿರುತ್ತಾಳೆ."

ಗ್ರಾಸಿಯೆಲಾ ಅವರ ಅಡುಗೆಮನೆ

ತಂಗಿ ಗ್ರಾಸಿಯೆಲಾ ಅಣ್ಣನ ಹಿಂದೆ ಇಬ್ಬರು ಅಪರಿಚಿತರನ್ನು ಕಂಡು ಹುಬ್ಬು ಕೂಡ ಏರಿಸಲಿಲ್ಲ. ಇನ್ನೆರಡು ತಟ್ಟೆ ಇಟ್ಟರು. ನಾವು ಮಾಂಸ, ಮೀನು ತಿನ್ನುವುದಿಲ್ಲ ಎಂದು ಅನ್ಸೆಲ್ಮೊ ಅನುವಾದ ಮಾಡಿದಾಗ ಮಾತ್ರ ಆಕೆಗೆ ಗಾಬರಿ. ಸಾರಿನ ಪಾತ್ರೆಯೊಳಗೆ ಇಣುಕಿ, ಅದರಲ್ಲಿ ತೇಲುತ್ತಿದ್ದ ಮಾಂಸದ ತುಂಡುಗಳನ್ನು ನೋಡಿ, ತಲೆ ಅಲ್ಲಾಡಿಸಿ, ಹೊಸದಾಗಿ ಒಲೆ ಹಚ್ಚಿದರು. ಎಲೆಕೋಸಿನಂಥ ಸೊಪ್ಪು, ಬೆಳ್ಳುಳ್ಳಿ, ಎಣ್ಣೆ. ಬೇಯಿಸಿದ ಆಲೂಗಡ್ಡೆಯನ್ನು ಇವರು ಬೆರಳು ಮಾಡಿ ತೋರಿಸಿ, "ಬಟಾಟಿ" ಎಂದರು.

"ಬಟಾಟಾ! ಸಿಂ, ಬಟಾಟಾ!" ಎಂದು ಗ್ರಾಸಿಯೆಲಾ ಹೌದೆನ್ನುವ ಹಾಗೆ ತಲೆಯಾಡಿಸಿ ಕೈತಟ್ಟಿದರು. ಆಮೇಲೆ ಇಬ್ಬರಿಗೂ ಅದೇ ಆಟವಾಯಿತು. ಆಕೆ ಮೇಜು ಬಡಿದು "ಮೇಜ" ಎಂದರೆ ಇವರು "ಮೇಜು" ಎನ್ನುವುದು, ಇವರು ಅಲಮಾರಿ ತೋರಿಸಿದರೆ ಆಕೆ "ಅರ್ಮಾರಿಯು" ಎನ್ನುವುದು. ಅನುವಾದದ ಕೆಲಸವಿಲ್ಲದೆ ಅನ್ಸೆಲ್ಮೊ ಮೇಜಿನ ಮುಂದೆ ಕುಳಿತರು.

ಸಾರು ಕುದಿದ ಮೇಲೆ ಗ್ರಾಸಿಯೆಲಾ ತುಂಬಿದ ಬಟ್ಟಲನ್ನು ತಂದು, ಹತ್ತಿರ ನಿಂತಿದ್ದ ಇವರ ಕೈಗೇ ಕೊಟ್ಟು, ಮೇಜಿನ ಕಡೆ ಗದ್ದ ಆಡಿಸಿದರು. ಬಿಸಿ ಸಾರು. ಇವರ ಎಡಗೈ ಅರ್ಧ ಮಾತ್ರ ಕೇಳುವ ಕೈ. ನಾನು ಥಟ್ಟನೆ ಎದ್ದೆ. ಅನ್ಸೆಲ್ಮೊ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟರು. ಕುಳಿತೆ.

ಇವರು ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಕಾಲು ಎಳೆಯುತ್ತ, ಕಣ್ಣು ಸಾರಿನ ಮೇಲೇ ನೆಟ್ಟು ಬಂದರು. ಮೇಜಿನ ಹತ್ತಿರ ಸ್ವಲ್ಪ ತುಳುಕಿತು. ಗ್ರಾಸಿಯೆಲಾ ಹಿಂದಿನಿಂದಲೇ ಬಟ್ಟೆಯಿಂದ ಒರೆಸಿ, ಇನ್ನೊಂದು ಬಟ್ಟಲು ಕೈಗಿತ್ತರು. ಅದನ್ನೂ ತಂದರು. ನಾಲ್ವರ ಸಾರನ್ನೂ ಇವರೇ ತಂದಿಟ್ಟರು. ಆ ಸಾರಿನ ರುಚಿ ಹೇಗಿತ್ತೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಾನು ಇವರ ಕೈಗಳನ್ನೇ ನೋಡುತ್ತಿದ್ದೆ.

ಹೊರಡುವಾಗ ಅನ್ಸೆಲ್ಮೊ ಇವರ ಬಾಯಿ ತೆರೆಸಿ, ಬಾಗಿಲ ಬೆಳಕಿನಲ್ಲಿ ಹಲ್ಲು ಪರೀಕ್ಷಿಸಿದರು. ಹಿಂದಿನ ದವಡೆಯ ಒಂದನ್ನು ತೋರಿಸಿಕೊಳ್ಳಲೇಬೇಕು ಎಂದರು. ಸಿಯಾಟಲ್ಲಿಗೆ ಮರಳಿದ ಮೇಲೆ ತೋರಿಸಿದೆವು, ಅವರು ಹೇಳಿದ್ದು ನಿಜವಾಗಿತ್ತು.

ಬೆಲೆಂ

ನದಿಯ ದಂಡೆಗುಂಟ ಪಶ್ಚಿಮಕ್ಕೆ ಹೋದರೆ ಬೆಲೆಂ. ಕಸ್ಟರ್ಡ್ ತುಂಬಿ ಸುಟ್ಟ ಸಣ್ಣ ಸಿಹಿತಿಂಡಿಗೆ ಅಲ್ಲಿ ಜನ ಬಿಸಿಲಲ್ಲಿ ಉದ್ದಕ್ಕೆ ಸಾಲು ನಿಲ್ಲುತ್ತಾರೆ. ನಾವೂ ನಿಂತೆವು. ಅಂಗಡಿಯ ಹುಡುಗಿ ಹೊರಬಂದು ಸಾಲಿನುದ್ದಕ್ಕೂ ಕಣ್ಣಾಡಿಸಿ ಮೂವರನ್ನು ಮುಂದಕ್ಕೆ ಕರೆದಳು. ಒಬ್ಬ ಬಸುರಿ, ಕೂಸನ್ನು ಎತ್ತಿಕೊಂಡ ಒಬ್ಬ ತಂದೆ, ಮತ್ತು ಇವರು. ಆ ದೇಶದಲ್ಲಿ ಅದು ವಾಡಿಕೆ. ಅಂಥವರನ್ನು ಸಾಲಿನಲ್ಲಿ ನಿಲ್ಲಿಸಿಕೊಂಡರೆ ಅಂಗಡಿಯವರಿಗೇ ನಾಚಿಕೆ.

ಇವರ ಮುಖ ಗಂಟಾಗುತ್ತದೆ ಎಂದು ನಾನು ಕಾದೆ. ಗಂಟಾಗಲಿಲ್ಲ. "ಬಾ, ಬಾ. ನನ್ನ ಕಾಲಿನ ಪುಣ್ಯಾದಾಗ ನಿನಗೂ ಪಾಲು" ಎಂದು ನನ್ನ ಕೈ ಹಿಡಿದು ಎಳೆದರು. ತಿಂಡಿ ಬಿಸಿಯಾಗಿತ್ತು, ಮೇಲೆ ದಾಲ್ಚಿನ್ನಿ ಪುಡಿ. ಬಸುರಿ ಹೆಂಗಸಿನ ತಟ್ಟೆ ಹಿಡಿಯಲು ಇವರೇ ಮುಂದಾದರು.

ಸಂಜೆ ದೋಣಿಯಲ್ಲಿ ತೇಜೊ ನದಿಯ ಆಚೆ ದಡಕ್ಕೆ ಹೋಗಿ ಬಂದೆವು. ನಮ್ಮ ಸಿಯಾಟಲ್ಲಿನ ಫೆರ್ರಿಯಲ್ಲಿ ಮಂದಿ ಕಾರಿನೊಳಗೇ ಕುಳಿತು ಫೋನು ನೋಡುತ್ತಾರೆ. ಇಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುವವರು ಕಿಟಕಿಯ ಪಕ್ಕ ಕುಳಿತು, ದಿನವೂ ನೋಡುವ ತಮ್ಮೂರನ್ನು ಹೊಸಬರ ಹಾಗೆ ನೋಡುತ್ತಿದ್ದರು. ಇಳಿಯುವಾಗ ಹಲಗೆ ಅಲುಗಿತು. ಒಬ್ಬ ಹೆಂಗಸು ಮಾತಿಲ್ಲದೆ ಇವರ ಮೊಣಕೈ ಹಿಡಿದು ದಡ ಮುಟ್ಟಿಸಿ, ತಿರುಗಿಯೂ ನೋಡದೆ ಹೊರಟುಹೋದಳು. ಧನ್ಯವಾದ ಹೇಳಲೂ ಅವಕಾಶ ಕೊಡಲಿಲ್ಲ. ಆ ಊರಿನಲ್ಲಿ ಹೀಗೆ ಹೇಳದೆ ಉಳಿದ ಧನ್ಯವಾದಗಳು ನಮ್ಮ ಬಳಿ ಬಹಳ ಇವೆ. ಈ ಬರಹ ಅವುಗಳಿಗೇ.

ಅಲ್ಫಾಮಾ, ಕೊನೆಯ ಬೆಳಿಗ್ಗೆ

ಮಧ್ಯಾಹ್ನದ ವಿಮಾನ. ನಾನು ಪೆಟ್ಟಿಗೆಗಳನ್ನು ಕಟ್ಟುತ್ತಿದ್ದೆ. ಇವರು ಬೂಟು ಹಾಕಿಕೊಂಡರು, ಬಿದ್ದ ಮೇಲೆ ಕೊಂಡ ರಬ್ಬರು ತಳದ ಹೊಸ ಬೂಟು. ಬಾಗಿಲ ಹಿಂದಿದ್ದ ಕೋಲು ತೆಗೆದುಕೊಂಡರು.

"ಎಲ್ಲಿಗ್ರಿ?"

"ಕೆಳಗ ಬೇಕರಿ ಐತಲ್ಲ, ಪಾವ ತರ್ತೀನಿ."

"ನಿಂದರ್ರಿ, ನಾನೂ ಬರ್ತೀನಿ."

"ನೀ ಪೆಟಗಿ ಕಟ್ಟು."

ಬಾಗಿಲು ಮುಚ್ಚಿತು. ನಾನು ಪೆಟ್ಟಿಗೆ ಕಟ್ಟಲಿಲ್ಲ. ಕಿಟಕಿಗೆ ಹೋದೆ. ಓಣಿಯ ಮೆಟ್ಟಿಲುಗಳಲ್ಲಿ ಇವರು ಗೋಡೆಯ ಕಂಬಿ ಹಿಡಿದು ಒಂದೊಂದಾಗಿ ಇಳಿಯುವುದು ಕಾಣುತ್ತಿತ್ತು. ತಿರುವಿನಲ್ಲಿ ಮರೆಯಾದರು. ಎದುರು ಮನೆಯಾಕೆ ಬಟ್ಟೆ ಹರವುತ್ತ ನನಗೆ ಬೆಳಗಿನ ನಮಸ್ಕಾರ ಹೇಳಿದಳು, ನಾನು ಏನು ಹೇಳಿದೆನೋ ನೆನಪಿಲ್ಲ.

ಎಷ್ಟೋ ಹೊತ್ತಾದ ಮೇಲೆ ತಿರುವಿನಲ್ಲಿ ಕಾಣಿಸಿಕೊಂಡರು. ಕಂಕುಳಲ್ಲಿ ಕಾಗದದ ಪೊಟ್ಟಣ. ಇಳಿಯುವಾಗ ಕಂಬಿಗೆ ಒಂದು ಕೈ ಬಿಡುವಾಗಿತ್ತು, ಈಗ ಇಲ್ಲ. ಬಲಗೈಯಲ್ಲಿ ಕೋಲು, ಸೋತ ಎಡಗೈ ಪೊಟ್ಟಣವನ್ನು ಒತ್ತಿಹಿಡಿಯುವುದಕ್ಕಷ್ಟೇ ಸಾಲುತ್ತಿತ್ತು. ಕಂಬಿ ಹಿಡಿಯುವಂತಿಲ್ಲ. ಮೆಟ್ಟಿಲುಗಳ ಬುಡದಲ್ಲಿ ನಿಂತರು. ಮೇಲೆ ನೋಡಿದರು, ಪೊಟ್ಟಣ ನೋಡಿದರು. ನಾನು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ.

ನೀರಿನ ಬಾಟಲಿಗಳ ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು ಒಬ್ಬ ಗಂಡಸು ಅದೇ ಓಣಿಗೆ ಬಂದ. ಇವರ ಪಕ್ಕದಿಂದ ಎರಡು ಮೆಟ್ಟಿಲು ದಾಟಿ ಮೇಲೆ ಹೋದ. ಇವರು ಅವನನ್ನು ಕರೆದರು. ಏನೆಂದು ಕರೆದರೋ ನನಗೆ ಕೇಳಲಿಲ್ಲ. ಅವನು ತಿರುಗಿದ. ಇವರು ಮೊಣಕೈಯನ್ನು ಅವನತ್ತ ಚಾಚಿದರು.

ಗಂಡಸು ಇಳಿದು ಬಂದ, ಬಾಟಲಿಗಳ ಕಟ್ಟನ್ನು ಆಚೆಯ ಹೆಗಲಿಗೆ ಬದಲಿಸಿಕೊಂಡ, ತೋಳು ಕೊಟ್ಟ. ಇಬ್ಬರೂ ನಿಧಾನವಾಗಿ ಏರಿದರು. ನಡುವೆ ಒಮ್ಮೆ ನಿಂತರು. ಇವರು ಏನೋ ಹೇಳಿದರು, ಅವನು ನಕ್ಕ. ನಮ್ಮ ಬಾಗಿಲ ಬಳಿ ಅವನು ತೋಳು ಬಿಡಿಸಿಕೊಂಡು ಮೇಲೆ ಸಾಗಿದ.

ಕಟ್ಟಡದೊಳಗಿನ ಮೆಟ್ಟಿಲುಗಳ ಮೇಲೆ ಕಾಲು ಎಳೆಯುವ ಸದ್ದು ಕೇಳಿತು. ನಾನು ಓಡಿಹೋಗಿ ಬಾಗಿಲು ತೆರೆಯದೆ, ಪೆಟ್ಟಿಗೆಯ ಮುಂದೆ ಕುಳಿತು ಬಟ್ಟೆ ಮಡಿಸತೊಡಗಿದೆ. ಇವರು ಒಳಗೆ ಬಂದರು. ಹಣೆಯಲ್ಲಿ ಬೆವರು, ಅಂಗಿಯ ಮೇಲೆ ಹಿಟ್ಟಿನ ಪುಡಿ.

"ಲಗೂನ ಬಾ" ಎಂದರು. "ಬಿಸಿ ಇದ್ದಾಗನ ತಿನ್ನಬೇಕಂತ ಹೇಳ್ಯಾಳ ಬೇಕರಿ ಅಕ್ಕ."